ಎಣ್ಣೆಯ ರಿಜಿಸ್ಟರು

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಜನ ನನ್ನನ್ನು ಇವತ್ತಿಗೂ ವಿಜ್ಞಾನಿ ಎಂದೇ ನಂಬಿದ್ದಾರೆ. ಅಹಮದಾಬಾದಿನ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷ ಇದ್ದವನು ಬೇರೆ ಏನಾಗಿರಲು ಸಾಧ್ಯ ಎಂಬುದು ಅವರ ತರ್ಕ. ನಾನು ಇದ್ದದ್ದು ಆಡಳಿತ ವಿಭಾಗದಲ್ಲಿ. ವಿಜ್ಞಾನಿಗಳು ಕೂರುವ ಕುರ್ಚಿಗಳನ್ನು ತರಿಸುವುದು, ಅವು ಮುರಿದಾಗ ನಿರುಪಯುಕ್ತವೆಂದು ಕಡತದಲ್ಲಿ ಬರೆದು ಸಾಗಹಾಕುವುದು, ಇವೆರಡರ ನಡುವೆ ನನ್ನ ಸೇವಾವಧಿ ಸುಗಮವಾಗಿ ಕಳೆಯಿತು. ಮೂರು ವರ್ಷದ ಹಿಂದೆ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ನನ್ನನ್ನೂ ಸಾಗಹಾಕಿದರು.

ವಿಜ್ಞಾನಿಯಲ್ಲದಿದ್ದರೂ ನನ್ನ ಹತ್ತಿರ ಲೋಹವನ್ನು ತಿರುಗಿಸಿ ಕೆತ್ತುವ ಒಂದು ಲೇತ್ ಇದೆ. ವಸ್ತ್ರಾಪುರದಲ್ಲಿ ನಮ್ಮದು ನೆಲಮಹಡಿಯ ಮನೆ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಸಣ್ಣ ಜಾಗವೊಂದಿದೆ. ಇಲ್ಲಿಯವರು ಅದನ್ನು ಚೋಕಡಿ ಎನ್ನುತ್ತಾರೆ. ಹನ್ನೊಂದು ವರ್ಷದ ಹಿಂದೆ, ಬಾಗಿಲು ಮುಚ್ಚಿದ ಬಟ್ಟೆ ಗಿರಣಿಯೊಂದರ ಸಾಮಾನು ನದಿ ದಂಡೆಯ ಭಾನುವಾರದ ಸಂತೆಗೆ ಬಂದಾಗ, ಆ ಲೇತನ್ನು ಕೊಂಡೆ. ನಾಲ್ಕು ಜನ ಹೊತ್ತು ತಂದು ಚೋಕಡಿಯಲ್ಲಿ ಇಳಿಸಿದರು. ಪಾತ್ರೆಗಳು ಒಳಗಿನ ಸಿಂಕಿಗೆ ವಲಸೆ ಹೋದವು. ಮೇಜಿನ ಮೇಲೆ ಕೂರುವಷ್ಟು ಚಿಕ್ಕ ಯಂತ್ರ. ಅದರ ವಯಸ್ಸು ನನಗಿಂತ ಹೆಚ್ಚು ಎಂದು ಮಾರಿದವನು ಹೇಳಿದ್ದ. ನನ್ನ ಹೆಂಡತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಇದನ್ನೂ ನಾನ ನೋಡ್ಕೋಬೇಕೇನ್ರಿ?" ಎಂದಳು. ಬೇಡ, ಇದನ್ನು ಪೂರ್ತಿ ನಾನೇ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ಗಿರಣಿಗಳಲ್ಲಿ ಹಿಂದೆ ಇದ್ದಂಥ ಉಗಿಯಂತ್ರದ ಮಾದರಿಯೊಂದನ್ನು ಗೇಣುದ್ದದ ಅಳತೆಯಲ್ಲಿ ಮಾಡುವ ಹವ್ಯಾಸಕ್ಕೆ ಲೇತ್ ಕೊಂಡೆ ಎಂದು ಎಲ್ಲರಿಗೂ ಹೇಳಿದೆ. ಸುಳ್ಳೇನಲ್ಲ. ಆದರೆ ನಿಜವಾದ ಕಾರಣ ನನ್ನ ಅಣ್ಣ. ನನಗಿಂತ ಎಂಟು ವರ್ಷ ದೊಡ್ಡವನು. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ನಲವತ್ತು ವರ್ಷ ಲೇತಿನ ಮುಂದೆ ನಿಂತು ಟರ್ನರ್ ಆಗಿ ದುಡಿದವನು. ನಾನು ಓದಿದ್ದು ಅವನ ದುಡಿಮೆಯಲ್ಲಿ. "ನಿನ್ನ ಸಲುವಾಗಿ ಅವ ಸಾಲಿ ಬಿಟ್ಟಾನ, ನೆನಪಿರಲಿ" ಎಂದು ಅವ್ವ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನೆನಪಿಟ್ಟೆ. ಅವನ ಕೈ ಕೆಸರಾಗಿ ನನ್ನ ಬಾಯಿ ಮೊಸರಾಯಿತು ಎಂಬುದನ್ನು ನಾನು ಒಂದು ದಿನವೂ ಮರೆಯಲಿಲ್ಲ. ಅವನಿಗೆ ಬರೆದ ಪ್ರತಿ ಕಾಗದದ ಕೊನೆಯಲ್ಲೂ "ನಾನು ಏನಾಗಿದ್ದೇನೋ ಅದೆಲ್ಲ ನಿನ್ನಿಂದ" ಎಂದು ಬರೆಯುತ್ತಿದ್ದೆ. ಅವನ ಉತ್ತರದಲ್ಲಿ ಆ ಸಾಲಿನ ಪ್ರಸ್ತಾಪ ಎಂದೂ ಇರುತ್ತಿರಲಿಲ್ಲ. ಮಳೆ ಹೇಗಿದೆ, ಯಾರಿಗೆ ಹೆರಿಗೆಯಾಯಿತು ಎಂದಷ್ಟೇ ಇರುತ್ತಿತ್ತು. ಒಳಗೊಳಗೇ ಅವನಿಗೆ ನನ್ನ ಮೇಲೆ ಸಿಟ್ಟಿದೆ ಎಂದು ನಾನು ತಿಳಿದೆ.

ಅವನು ನಿವೃತ್ತನಾದ ವರ್ಷವೇ ನಾನು ಲೇತ್ ಕೊಂಡೆ. ಅವನು ಜೀವಮಾನವಿಡೀ ಮಾಡಿದ್ದೇನು ಎಂದು ನನ್ನ ಕೈಯಿಂದಲೇ ತಿಳಿದುಕೊಳ್ಳಬೇಕು, ಒಂದು ವಸ್ತುವನ್ನಾದರೂ ಸರಿಯಾಗಿ ಮಾಡಿ ಅವನ ಮುಂದಿಡಬೇಕು ಎಂಬ ಹಟ ಹುಟ್ಟಿತ್ತು. ಅಣ್ಣ ಹೊಗಳುವವನಲ್ಲ. ಮದುವೆ ಊಟವಿರಲಿ, ಮಗ ಪಾಸಾದದ್ದಿರಲಿ, ಅವನ ಬಾಯಿಂದ ಬರುವ ಅತಿ ದೊಡ್ಡ ಮೆಚ್ಚುಗೆ "ಅಡ್ಡಿಯಿಲ್ಲ" ಎಂಬ ಒಂದು ಮಾತು. ಅದು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಆ ಒಂದು "ಅಡ್ಡಿಯಿಲ್ಲ" ನನಗೆ ಬೇಕಾಗಿತ್ತು. ಐವತ್ತು ದಾಟಿದ ಮನುಷ್ಯ ಇಂಥ ಆಸೆಯನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ, ನಾನೂ ಹೇಳಲಿಲ್ಲ.

ಲೇತ್ ಬಂದಾಗ ಅದರ ಮೈಮೇಲೆ ಗಿರಣಿಯ ಜಿಡ್ಡು, ಹತ್ತಿಯ ಧೂಳು, ಅಲ್ಲಲ್ಲಿ ಗುಳಿಗಳು. ಆರು ತಿಂಗಳು ಅದನ್ನು ಉಜ್ಜಿದೆ, ತೊಳೆದೆ. ಗುಳಿಗಳಿಗೆ ಪುಟ್ಟಿ ತುಂಬಿ, ಮರಳು ಕಾಗದದಿಂದ ನಯ ಮಾಡಿ, ಮೂರು ಕೋಟು ಹಸಿರು ಬಣ್ಣ ಹೊಡೆದೆ. ತಿರುಗುವ ಶಾಫ್ಟನ್ನು ಹಿಡಿದಿರುವ ಮುಂದಿನ ಬೇರಿಂಗಿನ ಮುಚ್ಚಳದ ಮೇಲೆ ಎಣ್ಣೆ ಹಾಕುವ ಒಂದು ತೂತು, ಒಳ್ಳೆಯ ಸ್ಕ್ರೂ ಹಲ್ಲುಗಳಿದ್ದದ್ದು, ಸಿಕ್ಕಿತು. ಅದಕ್ಕೆ ಹೊಂದುವ ಹಿತ್ತಾಳೆಯ ಎಣ್ಣೆ ಬಟ್ಟಲನ್ನು ಹಳೆಯ ಪೇಟೆಯ ಅಂಗಡಿಯಿಂದ ತಂದು ಕೂರಿಸಿದೆ. ಲೋಹದ ತುಂಡನ್ನು ಕಚ್ಚಿ ಹಿಡಿಯುವ ಚಕ್ ವಡೋದರಾದಿಂದ ಬಂತು. ಸೂರತ್ತಿಗೆ ಕಚೇರಿ ಕೆಲಸದ ಮೇಲೆ ಹೋದಾಗ ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವ ಯಂತ್ರಗಳ ರಿಪೇರಿಯವನಿಂದ ಕೂದಲೆಳೆಯ ವ್ಯತ್ಯಾಸವನ್ನೂ ತೋರಿಸುವ ಒಂದು ಗೇಜು ಕೊಂಡೆ. ಇಷ್ಟೆಲ್ಲ ಆದಮೇಲೆ, ಯಂತ್ರದ ಆರೈಕೆಗೆ ನನಗೆ ಗೊತ್ತಿದ್ದ ಅತ್ಯುತ್ತಮ ವಿಧಾನವನ್ನು ಜಾರಿಗೆ ತಂದೆ. ಒಂದು ರಿಜಿಸ್ಟರು ತೆರೆದೆ.

ಉದ್ದನೆಯ, ರಟ್ಟಿನ ಹೊದಿಕೆಯ ರಿಜಿಸ್ಟರು. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಾಲಂ ಮಾಡಿದೆ: ತಾರೀಕು, ವೇಳೆ, ಎಣ್ಣೆ ಎಷ್ಟು ಹನಿ, ಯಾರು ಹಾಕಿದ್ದು, ಷರಾ. ಪ್ರತಿದಿನ ಮುಂಜಾನೆ ಏಳೂವರೆಗೆ ಬಟ್ಟಲಿಗೆ ಹನ್ನೆರಡು ಹನಿ ಹಾಕಿ ಸಹಿ ಮಾಡುತ್ತಿದ್ದೆ. ಊರಿಗೆ ಹೋದ ದಿನಗಳಲ್ಲಿ "ಪ್ರವಾಸದಲ್ಲಿ" ಎಂಬ ಷರಾ. ಹನ್ನೊಂದು ವರ್ಷದಲ್ಲಿ ಅಂಥ ನಾಲ್ಕು ರಿಜಿಸ್ಟರುಗಳು ತುಂಬಿದವು. ನಾನು ಕಚೇರಿಯಲ್ಲಿ ಇಟ್ಟ ಯಾವ ಕಡತವೂ ಇಷ್ಟು ಪರಿಶುದ್ಧವಾಗಿರಲಿಲ್ಲ.

ಇಂಜಿನ್ ಮಾತ್ರ ಓಡಲಿಲ್ಲ. ಸಿಲಿಂಡರಿನ ಒಳಗೋಡೆಯನ್ನು ಕೊರೆದರೆ ಅದು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು, ಮೇಲೆ ಅಲೆ ಅಲೆ ಗೀರು. ಪಿಸ್ಟನ್ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು, ಇನ್ನೊಂದು ಕಡೆ ಸಡಿಲ. ಮೂರು ಸಿಲಿಂಡರು ಮಾಡಿದೆ, ಏಳು ಪಿಸ್ಟನ್ ಮಾಡಿದೆ. ಮೊದಲು ಕಂಚಿನ ಗುಣಮಟ್ಟ ಸರಿಯಿಲ್ಲ ಎಂದೆ. ಆಮೇಲೆ ಗುಜರಾತಿನ ಬಿಸಿಲಿಗೆ ಲೋಹ ಹಿಗ್ಗುತ್ತದೆ ಎಂದೆ. ಆಮೇಲೆ ವೋಲ್ಟೇಜ್ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನನ್ನ ಹೆಂಡತಿ ಹೇಳಲಿಲ್ಲ, ನೆಲ ಒರೆಸುತ್ತ ಒಮ್ಮೆ ನಕ್ಕಳು ಅಷ್ಟೆ. ಪಕ್ಕದ ಮನೆಯ ಹಿರಿಯರು ದಿನಾ ಹಾಲು ತರಲು ಹೋಗುವಾಗ ಕಿಟಕಿಯಲ್ಲಿ ಬಗ್ಗಿ, "ಕೇಮ್ ಭಾಯಿ, ಇಂಜಿನ್ ಚಾಲು ಥಯುಂ?" ಎಂದು ಓಡಿತೋ ಇಲ್ಲವೋ ವಿಚಾರಿಸುತ್ತಿದ್ದರು. ಹನ್ನೊಂದು ವರ್ಷ ಅವರಿಗೆ ಒಂದೇ ಉತ್ತರ ಕೊಟ್ಟೆ. ಅವರು ಪ್ರಶ್ನೆಯನ್ನೂ ಬದಲಿಸಲಿಲ್ಲ.

ನೆಲ ಒರೆಸುವುದಕ್ಕೆ ಕಾರಣವಿತ್ತು. ಮೇಜಿನ ಕೆಳಗೆ ದಿನಾ ಎಣ್ಣೆ ತೊಟ್ಟಿಕ್ಕುತ್ತಿತ್ತು. "ನೀವು ಹಾಕಿದ ಎಣ್ಣಿ ಎಲ್ಲಾ ಕೆಳಗ ಬರಾಕತ್ತೈತಿ" ಎಂದು ಅವಳು ಮೊದಲ ವರ್ಷವೇ ಹೇಳಿದಳು. ಬಾ ಎಂದು ಕರೆದು, ಬಟ್ಟಲು, ಹನಿಗಳ ಲೆಕ್ಕ, ರಿಜಿಸ್ಟರು ಎಲ್ಲ ತೋರಿಸಿ, ಬೇರಿಂಗಿನಲ್ಲಿ ಎಣ್ಣೆ ಉಳಿಯುತ್ತದೆಯೇ ಹೊರತು ಸೋರುವುದಿಲ್ಲ ಎಂದು ವಿವರಿಸಿದೆ. ಮೇಲಿನ ಹಲಗೆಯ ಮೇಲೆ ಅವಳ ಉಪ್ಪಿನಕಾಯಿ ಭರಣಿಯಿತ್ತು. ವಿಚಾರಣೆ ನಡೆಸಿ ತಪ್ಪು ಭರಣಿಯದು ಎಂದು ತೀರ್ಮಾನಿಸಿದೆ. ಅವಳು ಭರಣಿಯನ್ನು ಎತ್ತಿಟ್ಟಳು. ಎಣ್ಣೆ ಬರುವುದು ನಿಲ್ಲಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅವಳ ಮಾತನ್ನು ನಾನು ಎರಡನೇ ಸಲ ವಿಚಾರಿಸಲಿಲ್ಲ. ಅವಳು ಮೇಜಿನ ಕೆಳಗೆ ಒಂದು ಹಳೆಯ ಸ್ಟೀಲ್ ತಟ್ಟೆ ಇಟ್ಟು ಸುಮ್ಮನಾದಳು.

ಹೋದ ನವರಾತ್ರಿಯಲ್ಲಿ ಅಣ್ಣ ಬಂದ. ಊರಿನವರ ಗುಂಪೊಂದು ದಸರೆ ಮುಗಿಸಿ ದ್ವಾರಕೆ, ಸೋಮನಾಥಕ್ಕೆ ಹೊರಟಿತ್ತು. ಅವರನ್ನು ಇಲ್ಲಿ ಕೂಡಿಕೊಳ್ಳಲು ಅವನು ಐದು ದಿನ ಮೊದಲೇ ರೈಲು ಹತ್ತಿದ್ದ. ಅವನ ಹೆಂಡತಿ, ನಮ್ಮ ವೈನಿಗೆ ಮೊಣಕಾಲು ನೋವು, ಹಾಗಾಗಿ ಒಬ್ಬನೇ. ಎಪ್ಪತ್ತೊಂದರಲ್ಲೂ ಬೆನ್ನು ನೆಟ್ಟಗಿತ್ತು. ನನ್ನ ಯೋಜನೆ ಸಿದ್ಧವಾಗಿತ್ತು. ಮಹಾನವಮಿಯ ಆಯುಧಪೂಜೆಗೆ ಅವನ ಎದುರು ಇಂಜಿನ್ ಓಡಿಸಿ, ಅವನ ಕೈಯಿಂದಲೇ ಲೇತಿಗೆ ಹೂವೇರಿಸಬೇಕು. ಓಡದ ಇಂಜಿನ್ ಅಷ್ಟರೊಳಗೆ ಹೇಗೆ ಓಡುತ್ತದೆ ಎಂಬುದನ್ನು ಯೋಜನೆಯಲ್ಲಿ ಬರೆದಿರಲಿಲ್ಲ.

ಬಂದ ದಿನವೇ ಅವನನ್ನು ಚೋಕಡಿಗೆ ಕರೆದೊಯ್ದೆ. ಬಾಗಿಲಲ್ಲಿ ನಿಂತು, ಹಸಿರು ಮಿಂಚುತ್ತಿದ್ದ ಲೇತನ್ನೂ, ಗೋಡೆಗೆ ಸಾಲಾಗಿ ತೂಗುಹಾಕಿದ್ದ ಸ್ಪ್ಯಾನರುಗಳನ್ನೂ ನೋಡಿದ.

"ಬಾಂಡೆ ಎಲ್ಲಿ ತಿಕ್ಕತೀರಿ ಮತ್ತ?" ಎಂದು ಕೇಳಿ ಒಳಗೆ ಹೋಗಿ ಕುಳಿತ.

ಮರುದಿನವೂ ಅತ್ತ ತಲೆ ಹಾಕಲಿಲ್ಲ. ವಸ್ತ್ರಾಪುರ ಕೆರೆಯ ಸುತ್ತ ನಡೆದು ಬಂದ, ಪಕ್ಕದ ಮನೆಯ ಹಿರಿಯರ ಜೊತೆ ಹಿಂದಿಯಲ್ಲಿ ಮಾತಾಡಿದ, ನನ್ನ ಹೆಂಡತಿ ಮಾಡಿದ ಜೋಳದ ರೊಟ್ಟಿಗೆ "ಅಡ್ಡಿಯಿಲ್ಲ" ಎಂದ. ರೊಟ್ಟಿಗೆ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಲವತ್ತು ವರ್ಷ ಅವನನ್ನು ಹಿಂಡಿದ ಯಂತ್ರ, ಅದರ ಮುಖ ನೋಡಲು ಅವನಿಗೆ ಯಾಕೆ ಮನಸ್ಸಾದೀತು ಎಂದು ಸಮಾಧಾನ ಹೇಳಿಕೊಂಡೆ. ಆದರೂ ಮೂರನೆಯ ದಿನ, ಸಪ್ತಮಿಯ ಮುಂಜಾನೆ, ಅವನು ಮುಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಬೇಕೆಂದೇ ಲೇತ್ ಚಾಲೂ ಮಾಡಿ ಒಂದು ಕಂಚಿನ ತುಂಡನ್ನು ಕೆತ್ತತೊಡಗಿದೆ. ಕಿವಿಗೆ ಬಿದ್ದರೆ ಎದ್ದು ಬಂದಾನು ಎಂಬ ಆಸೆ.

"ಬಂದ್ ಮಾಡು" ಎಂದು ಅಲ್ಲಿಂದಲೇ ಹೇಳಿದ. ಕಪ್ಪು ಕೆಳಗಿಟ್ಟ ಸದ್ದು ಕೇಳಿತು. ಚೋಕಡಿಗೆ ಬಂದು ನಿಂತು, "ಒಣಾ ತಿರಗಾಕತ್ತೈತಿ" ಎಂದ.

"ಇಲ್ಲಣ್ಣಾ, ದಿನಾ ಎಣ್ಣಿ ಹಾಕ್ತೀನಿ."

"ಒಣಾ ಐತಿ. ಸಪ್ಪಳ ಹೇಳತೈತಿ."

ಸಪ್ಪಳವನ್ನು ಸಾಕ್ಷಿಯಾಗಿ ನಾನು ಎಂದೂ ಒಪ್ಪಿದವನಲ್ಲ. ನಾಲ್ಕೂ ರಿಜಿಸ್ಟರುಗಳನ್ನು ತಂದು ಅವನ ಕೈಗಿಟ್ಟೆ. ಅವನು ಕನ್ನಡಕ ಹಾಕಿಕೊಂಡು, ಸ್ಟೂಲಿನ ಮೇಲೆ ಕುಳಿತು, ಮೊದಲನೆಯದನ್ನು ಪುಟ ಪುಟವಾಗಿ ನೋಡಿದ. ಅವಸರ ಮಾಡಲಿಲ್ಲ. ಇಷ್ಟು ಗಂಭೀರವಾಗಿ ನನ್ನ ಬರಹವನ್ನು ಮೇಲಧಿಕಾರಿಗಳೂ ಓದಿರಲಿಲ್ಲ.

"ದಿನಾ ಏಳೂವರಿಗೇ ಹಾಕ್ತಿದ್ದೇನು?"

"ದಿನಾ."

"ಸಹಿ ಛಲೋ ಐತಿ" ಎಂದು ರಿಜಿಸ್ಟರು ಮುಚ್ಚಿದ.

ಆಮೇಲೆ ಎದ್ದು ಬೇರಿಂಗಿನ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದ. ನನ್ನ ಹಿತ್ತಾಳೆ ಬಟ್ಟಲನ್ನು ದಾಟಿ, ಎರಡು ಬೆರಳಿನಷ್ಟು ಮುಂದೆ, ನಯವಾದ ಹಸಿರು ಬಣ್ಣದ ಮೇಲೆ ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಅಲ್ಲಿ ಕೆರೆದ. ಬಣ್ಣ ಎದ್ದಿತು. ಅದರ ಕೆಳಗೆ ಬಿಳಿಯ ಪುಟ್ಟಿ. ಸೂಜಿ ತರಿಸಿ ಪುಟ್ಟಿಯನ್ನು ಕುಟ್ಟಿ ಕುಟ್ಟಿ ತೆಗೆದ. ಒಳಗೆ ಒಂದು ಸಣ್ಣ ತೂತು ಕಾಣಿಸಿತು.

"ಎಣ್ಣಿ ತೂತು ಇದು" ಎಂದ.

"ಹಂಗಾರ ಅದು?" ಎಂದು ಬಟ್ಟಲನ್ನು ತೋರಿಸಿದೆ.

"ಅದು ಬೆಲ್ಟಿನ ಮುಚ್ಚಳಾ ಕೂಡ್ರಸೂ ಸ್ಕ್ರೂ ತೂತು. ಅಲ್ಲಿ ಹಾಕಿದ್ದು ಬೇರಿಂಗಿಗೆ ಮುಟ್ಟೂದಿಲ್ಲ. ಪೊಳ್ಳಿನಾಗ ಹಾದು ಸೀದಾ ಕೆಳಗ ಹೋಗತೈತಿ."

ಆರು ತಿಂಗಳ ಜೀರ್ಣೋದ್ಧಾರದಲ್ಲಿ ನಾನು ತುಂಬಿ ಮುಚ್ಚಿದ ಗುಳಿಗಳಲ್ಲಿ ಒಂದು ಗುಳಿಯಾಗಿರಲಿಲ್ಲ. ಹನ್ನೊಂದು ವರ್ಷ, ದಿನಕ್ಕೆ ಹನ್ನೆರಡು ಹನಿ, ಸಮಯಕ್ಕೆ ಸರಿಯಾಗಿ, ಸಹಿ ಸಮೇತ, ನಾನು ಎಣ್ಣೆಯನ್ನು ಗಾಳಿಗೆ ಹಾಕಿದ್ದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬಗ್ಗಿ ಮೇಜಿನ ಕೆಳಗಿನ ಸ್ಟೀಲ್ ತಟ್ಟೆಯನ್ನು ಎಳೆದು ತೋರಿಸಿದಳು. ಅವತ್ತಿನ ಹನ್ನೆರಡು ಹನಿ ಅದರಲ್ಲಿ ಸ್ವಚ್ಛವಾಗಿ ಕೂತಿತ್ತು.

ನನಗೆ ನಾಚಿಕೆಯಾಯಿತು. ಅಣ್ಣ ಒಂದು ಮಾತು ಬೈದಿದ್ದರೂ ಹಗುರಾಗುತ್ತಿದ್ದೆ. ಅವನು ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡುತ್ತಿದ್ದ.

"ಇಷ್ಟ ವರ್ಷ ಒಣಾ ತಿರಗಿದ್ರ ಜಾಮ್ ಆಗಿ ಸತ್ತ ಹೋಗಬೇಕಿತ್ತು. ಹೆಂಗ ಉಳೀತು?" ಎಂದು ತನಗೆ ತಾನೇ ಕೇಳಿಕೊಂಡ. ಆಮೇಲೆ ಶಾಫ್ಟಿನ ಸಂದಿನಲ್ಲಿ ಬೆರಳಿಟ್ಟು ಮೂಸಿದ. "ಇಲ್ಲಿ ಯಾರ ಎಣ್ಣಿ ಹಚ್ಚತಾರ?"

"ನಾನ್ರಿ ಬಾವಾರ" ಎಂದಳು ನನ್ನ ಹೆಂಡತಿ. "ತಟ್ಟಿಯೊಳಗ ಬಿದ್ದ ಎಣ್ಣಿ ಯಾಕ ಹಾಳ ಮಾಡಬೇಕಂತ, ಅದರಾಗ ಅರಿವಿ ಅದ್ದಿ ದಿನಾ ಇದರ ಮೈ ಒರಸ್ತೀನ್ರಿ. ಈ ತಿರಗೂ ಕಂಬದ ಸಂದಿಗೆ ಒಂದೀಟ ಜಾಸ್ತಿ ಹಿಂಡತೀನಿ. ಇಲ್ಲಂದ್ರ ಕಿರ್ ಅಂತೈತ್ರಿ."

"ಅದಕ್ಕ ಉಳದೈತಿ ತಂಗಿ. ನೀ ಉಳಸೀದಿ ಇದನ್ನ."

ಅಂದರೆ ಆ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದವಳು ಅವಳು. ರಿಜಿಸ್ಟರಿನಲ್ಲಿ ಅವಳ ಸಹಿ ಒಂದೂ ಇಲ್ಲ. ಪೂರ್ತಿ ನಾನೇ ನೋಡಿಕೊಳ್ಳುತ್ತೇನೆ ಎಂದು ಕೊಟ್ಟ ಮಾತನ್ನು ಅವಳು ಆ ಹೊತ್ತಿನಲ್ಲಿ ನೆನಪಿಸಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ನೆನಪಿಸಿದಳು.

ಅಷ್ಟಮಿಯ ದಿನ ಅಣ್ಣ ಧೋತರ ಮೇಲೆ ಕಟ್ಟಿ ಕೆಲಸಕ್ಕೆ ನಿಂತ. ಮುಚ್ಚಳ ಬಿಚ್ಚಿದ, ಶಾಫ್ಟು ತೆಗೆದ, ಸೀಮೆಎಣ್ಣೆಯಲ್ಲಿ ತೊಳೆದ. ಶಾಫ್ಟು ಕೂರುವ ಕಂಚಿನ ಬಳೆ, ಅಂದರೆ ಬುಶ್ಶು, ಒಂದು ಪಕ್ಕಕ್ಕೆ ಸವೆದು ಓರೆಯಾಗಿತ್ತು. ಅದನ್ನು ಕೈಯಿಂದ ಕೆರೆದು ಸಮ ಮಾಡಬೇಕು. ಎಲ್ಲಿ ಉಬ್ಬಿದೆ ಎಂದು ಗುರುತಿಸಲು ಕಾರ್ಖಾನೆಗಳಲ್ಲಿ ಶಾಫ್ಟಿಗೆ ಒಂದು ಬಣ್ಣ ಸವರುತ್ತಾರೆ. ಅದು ನನ್ನಲ್ಲಿರಲಿಲ್ಲ, ಹಬ್ಬಕ್ಕೆ ಅಂಗಡಿಗಳೂ ಮುಚ್ಚಿದ್ದವು. ಅಣ್ಣ ದೇವರಮನೆಯ ಕಡೆ ನೋಡಿದ. ಹೆಂಡತಿ ಕುಂಕುಮದ ಬಟ್ಟಲನ್ನೇ ತಂದುಕೊಟ್ಟಳು. ಎರಡು ಚಿಟಿಕೆ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಶಾಫ್ಟಿಗೆ ತೆಳ್ಳಗೆ ಹಚ್ಚಿ, ಬುಶ್ಶಿನಲ್ಲಿ ಕೂರಿಸಿ ತಿರುಗಿಸಿದ. ತೆಗೆದು ನೋಡಿದರೆ ಉಬ್ಬಿದ ಕಡೆಯಲ್ಲಿ ಮಾತ್ರ ಕೆಂಪು ಹತ್ತಿತ್ತು. ಅಷ್ಟನ್ನು ಕೆರೆದ. ಮತ್ತೆ ಕುಂಕುಮ, ಮತ್ತೆ ಕೆರೆತ. ಮಧ್ಯಾಹ್ನದ ಊಟದ ಹೊತ್ತಿಗೆ ಬುಶ್ಶಿನ ತುಂಬ ಕೆಂಪು ಒಂದೇ ಸಮ ಹರಡಿತು. ಎಲ್ಲವನ್ನೂ ಇನ್ನೊಮ್ಮೆ ತೊಳೆದು, ಜೋಡಿಸಿ, ನಿಜವಾದ ತೂತಿಗೆ ಎಣ್ಣೆ ಹಾಕಿ ಲೇತ್ ಚಾಲೂ ಮಾಡಿದ. ಹನ್ನೊಂದು ವರ್ಷ ನಾನು ಲೇತಿನ ಸದ್ದು ಎಂದು ತಿಳಿದದ್ದು ಬೇನೆಯ ಸದ್ದಾಗಿತ್ತು. ಈಗ ಬರೀ ಮೋಟಾರಿನ ಗುಂಯ್ ಎಂಬ ದನಿ ಇತ್ತು.

ಇನ್ನು ಸಿಲಿಂಡರನ್ನು ಅವನೇ ಕೊರೆಯಲಿ ಎಂದು ನಾನು ಪಕ್ಕಕ್ಕೆ ಸರಿದೆ. ಅವನು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತ. "ನಿನ್ನ ಇಂಜಿನ್, ನೀ ಕೊರಿ. ನಾ ನೋಡತೀನಿ." ಕೊರೆದೆ. ಬೆನ್ನ ಹಿಂದೆ ಅವನಿದ್ದಾನೆ ಎಂಬ ಭಯಕ್ಕೆ ಪ್ರತಿ ಅಳತೆಯನ್ನೂ ಎರಡೆರಡು ಸಲ ನೋಡಿದೆ. ಮೂರು ಸಲ ತೆಳ್ಳಗೆ ಕೊರೆದ ಮೇಲೆ ಒಳಗೋಡೆ ಕನ್ನಡಿಯಾಯಿತು. ಗೇಜಿನ ಮುಳ್ಳು ಈ ತುದಿಯಿಂದ ಆ ತುದಿಗೆ ಕದಲಲಿಲ್ಲ. ಸಂಜೆಯೊಳಗೆ ಅದಕ್ಕೊಂದು ಹೊಸ ಪಿಸ್ಟನ್ನೂ ಆಯಿತು, ಎಂಟನೆಯದು.

ನವಮಿಯ ಬೆಳಿಗ್ಗೆ, ಪೂಜೆಗೆ ಮೊದಲು, ಇಂಜಿನ್ನಿಗೆ ಸೈಕಲ್ ಪಂಪು ಜೋಡಿಸಿದೆ. ಉಗಿಯ ಬಾಯ್ಲರು ಇನ್ನೂ ಕಾಗದದ ಮೇಲಿತ್ತು. ಪೂಜೆಯಾದ ಮೇಲೆ ಅವತ್ತು ಯಾವ ಆಯುಧವನ್ನೂ ಮುಟ್ಟುವಂತಿಲ್ಲ, ಆದ್ದರಿಂದ ಏನಿದ್ದರೂ ಆಗಲೇ ಆಗಬೇಕು. ಹೆಂಡತಿ ಸೆರಗು ಸಿಕ್ಕಿಸಿ ಪಂಪು ಒತ್ತಿದಳು. ಗೇಣುದ್ದದ ಇಂಜಿನ್ ಒಮ್ಮೆ ಮುಲುಗಿ, ಚಕ್ರ ಅರ್ಧ ಸುತ್ತಿ ನಿಂತು, ಆಮೇಲೆ ತಿರುಗಿತು. ತಿರುಗುತ್ತಲೇ ಇತ್ತು. ಹಾಲಿನ ಚೀಲ ಹಿಡಿದ ಪಕ್ಕದ ಮನೆಯ ಹಿರಿಯರು ಕಿಟಕಿಯಲ್ಲಿ ಬಗ್ಗಿದವರು ಪ್ರಶ್ನೆಯನ್ನು ಅರ್ಧಕ್ಕೇ ನುಂಗಿ, ಕೇಳಲು ಏನೂ ಉಳಿಯದೆ, ಸ್ವಲ್ಪ ಬೇಸರದಿಂದಲೇ ಹೋದಂತೆ ನನಗೆ ಕಂಡಿತು.

ಅಣ್ಣ ಬಗ್ಗಿ ನೋಡಿದ. "ಇದು ಏನ ಎಳೀತೈತಿ?"

"ಏನೂ ಇಲ್ಲ."

"ಸುಮ್ನ ತಿರಗತೈತಿ?"

"ಸುಮ್ನ."

ಅವನು ನೆಟ್ಟಗಾದ. ನಾನು ಕಾದೆ. ಅವನ ಕೈ ಇಂಜಿನ್ನಿನ ಮೇಲಿಂದ ಹಾದು ಪಕ್ಕದ ಲೇತಿನ ಹಸಿರು ಬೆನ್ನನ್ನು ಎರಡು ಸಲ ತಟ್ಟಿತು. "ಅಡ್ಡಿಯಿಲ್ಲ" ಎಂದ. "ಹನ್ನೊಂದ ವರ್ಷ ಉಪವಾಸ ಕೆಡವಿದ್ರೂ ನಿಂತೈತಿ."

ನಾನು ಬಯಸಿದ ಮಾತು ಬಂದಿತ್ತು. ವಿಳಾಸ ಮಾತ್ರ ಬೇರೆಯಾಗಿತ್ತು.

ಪೂಜೆಯನ್ನು ಅವನೇ ಮಾಡಿದ. ಲೇತಿನ ನಯವಾದ ಕಬ್ಬಿಣಕ್ಕೆ ಕುಂಕುಮ ತಾಗಿಸಲಿಲ್ಲ, ಮೇಜಿನ ಕಾಲಿಗೆ ಹಚ್ಚಿದ. ನೀರು ಸಿಡಿಯದಂತೆ ಕಾಯಿಯನ್ನು ಹೊರಗಿನ ಮೆಟ್ಟಿಲ ಮೇಲೆ ಒಡೆದ. ಮೋಟಾರಿನ ಮುಚ್ಚಳಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಅದರ ಎರಡು ತುದಿ ಸಮ ಇವೆಯೇ ಎಂದು ದೂರ ನಿಂತು ನೋಡಿ, ಮತ್ತೆ ಹೋಗಿ ಸರಿಮಾಡಿದ. ಚುರುಮುರಿ, ಪುಠಾಣಿ, ಕೊಬ್ಬರಿ ಚೂರು ಕಲಸಿ ನನ್ನ ಕೈಗೊಂದು ಮುಷ್ಟಿ ಹಾಕಿದ. ಲೇತಿನ ಬಲಕ್ಕೆ, ಕೆಲಸಗಾರ ನಿಲ್ಲುವ ಜಾಗದಲ್ಲಿ, ಕೈ ಹಿಂದೆ ಕಟ್ಟಿ ನಿಂತ.

"ನವಮಿ ದಿನಾ ನಮ್ಮ ಕಾರ್ಖಾನಿ ಗೇಟ್ ಎಲ್ಲಾರಿಗೂ ತಗೀತಿದ್ರು" ಎಂದ. "ಹೆಂಡ್ರು, ಮಕ್ಕಳು, ಬೀಗರು, ಎಲ್ಲಾರೂ ಬರತಿದ್ರು, ತಮ್ಮ ಮನ್ಯಾವರ ಮಷೀನ್ ನೋಡಾಕ. ನಾವ ಹಿಂದಿನ ದಿನಾನ ತಿಕ್ಕಿ ತೊಳದು, ಹೂವಿನ ಮಾಲಿ ಹಾಕಿ, ಹಿಂಗ ನಿಂದರತಿದ್ವಿ. ನೀ ಒಮ್ಮಿ ಬಂದಿ. ಸಣ್ಣಾವ ಇದ್ದಿ. ಬಂದು ಅತ್ತಿ. ಆಮ್ಯಾಲೆ ಬರಲೇ ಇಲ್ಲ."

ನೆನಪಿತ್ತು. ಹನ್ನೆರಡು ವರ್ಷದವನಿದ್ದೆ. ಅವನ ಮೊಣಕೈವರೆಗೂ ಬಿಸಿ ಲೋಹದ ಚೂರು ಸಿಡಿದು ಸುಟ್ಟ ಕಲೆಗಳನ್ನು ನೋಡಿ ಅತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ಅವ್ವ ಹೇಳಿದ್ದಳು, ಇದೆಲ್ಲ ನಿನ್ನ ಸಲುವಾಗಿ ಎಂದು.

"ಹೆಂಗ ಬರಲಿ ಅಣ್ಣಾ?" ಎಂದೆ. "ನನ್ನ ಸಲುವಾಗಿ ನೀ ಸಾಲಿ ಬಿಟ್ಟು ಆ ಮಷೀನ್ ಮುಂದ ನಿಂತಿ. ಅದನ್ನ ನೋಡೂ ಧೈರ್ಯ ನನಗಿರಲಿಲ್ಲ."

ಅವನು ನನ್ನನ್ನು ಸೋಜಿಗದಿಂದ ನೋಡಿದ. "ನಿನ್ನ ಸಲುವಾಗಿ ಯಾರ ಸಾಲಿ ಬಿಟ್ಟಾರ?"

"ಅವ್ವ ಹೇಳತಿದ್ಲಲ್ಲ."

"ನೀ ಓದಲಿ ಅಂತ ಅವ್ವ ಹಂಗ ಅಂತಿದ್ಲು. ಗಣಿತದಾಗ ಎರಡ ಸಲಾ ಹೋಗಿತ್ತು ನಂದು. ಅಪ್ಪ ಹೊಡದು ಹೊಡದು ಬ್ಯಾಸತ್ತು ಕಾರ್ಖಾನಿಗೆ ಹಚ್ಚಿದಾ. ಮೊದಲನೇ ದಿನಾ ಆ ಲೇತ್ ಮುಂದ ನಿಂತಾಗ ನನಗ ಹಬ್ಬ ಆದಂಗ ಆಗಿತ್ತು. ನಲವತ್ತ ವರ್ಷ ಛಲೋ ಹೋದ್ವು." ಚೆಂಡುಹೂವಿನ ಎಸಳೊಂದನ್ನು ಯಂತ್ರದ ಮೇಲಿಂದ ಎತ್ತಿ ಹಾಕಿದ. "ಪ್ರತಿ ಕಾಗದದಾಗೂ ನಿನ್ನಿಂದ, ನಿನ್ನಿಂದ ಅಂತ ಬರೀತಿದ್ದಿ. ಏನ ಬರದಾನಿಂವ ಅಂತ ತಿಳೀತಿರಲಿಲ್ಲ. ಮಷೀನ್ ನೋಡಾಕ ಮಾತ್ರ ಬರೂದಿಲ್ಲ. ಆಫೀಸರ್ ಆದಾ, ಇಂವಗ ನಾಚಿಕಿ ಬರತೈತಿ ಅಂತ ತಿಳಕೊಂಡೆ."

ನನ್ನ ಹೆಂಡತಿ ಕೆಳಗಿನ ಸ್ಟೀಲ್ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಇನ್ನು ಅದರ ಅಗತ್ಯವಿರಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಐವತ್ತು ವರ್ಷ ಹೊತ್ತ ಋಣ ಯಾರದೂ ಆಗಿರಲಿಲ್ಲ. ಅವನು ನನ್ನಿಂದ ಬಯಸಿದ್ದು ಒಂದೇ, ಬಂದು ನೋಡಲಿ ಎಂದು. ಅದನ್ನು ಬಿಟ್ಟು ಬೇರೆಲ್ಲವನ್ನೂ ನಾನು ತಪ್ಪದೆ ಕೊಟ್ಟಿದ್ದೆ.

ಅವನು ದ್ವಾರಕೆಗೆ ಹೋದ, ಸೋಮನಾಥ ನೋಡಿದ, ಊರು ಸೇರಿದ. ಈಗ ಫೋನಿನಲ್ಲಿ ಮಳೆ, ಹೆರಿಗೆಗಳ ಜೊತೆ ಎಣ್ಣೆಯನ್ನೂ ವಿಚಾರಿಸುತ್ತಾನೆ. ರಿಜಿಸ್ಟರು ನಿಂತಿದೆ. ಎಣ್ಣೆಯನ್ನು ನನ್ನ ಹೆಂಡತಿ ಹಾಕುತ್ತಾಳೆ, ಹನಿ ಎಣಿಸುವುದಿಲ್ಲ. ಖಾಲಿ ಉಳಿದ ಪುಟವೊಂದರಲ್ಲಿ ನಾನು ಒಂದು ದಿನ ಬೇರೆ ಲೆಕ್ಕ ಬರೆದು ನೋಡಿದೆ. ಗುಜರಾತಿಗೆ ಬಂದ ಮೇಲೆ, ಅಣ್ಣ ನಿವೃತ್ತನಾಗುವವರೆಗೆ, ಎಷ್ಟು ನವಮಿಗಳಲ್ಲಿ ನಾನು ರಜೆ ಹಾಕಿ ಹುಬ್ಬಳ್ಳಿಯಲ್ಲೇ ಇದ್ದೆ ಎಂದು. ಒಂಬತ್ತು. ಒಂಬತ್ತು ಸಲವೂ ಕಾರ್ಖಾನೆಯಿಂದ ಒಂದು ಮೈಲಿಯೊಳಗೆ, ಮನೆಯ ಪಡಸಾಲೆಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಸಂಜೆ ಅಣ್ಣ ಬಂದು, ಕರವಸ್ತ್ರದಲ್ಲಿ ಕಟ್ಟಿ ತಂದ ಚುರುಮುರಿ ಪ್ರಸಾದವನ್ನು ಬಿಚ್ಚಿ ನನ್ನ ಮುಂದೆ ನಿಲ್ಲುತ್ತಿದ್ದ. ನಾನು ಪತ್ರಿಕೆಯಿಂದ ಕಣ್ಣೆತ್ತದೆ ಕೈ ಚಾಚುತ್ತಿದ್ದೆ.